ಮಾದರಿ ನೋಡಿ ಮಾತು ಕೊಡುವ ವಿದ್ಯೆ



ನಮ್ಮ ಗುಮ್ಮಳಾಪುರದ ಕಡೆ ರಾಗಿ ಕೊಳ್ಳುವವರು ಚೀಲವನ್ನೆಲ್ಲ ಸುರಿದು ನೋಡುವುದಿಲ್ಲ. ಮೇಲಿಂದ, ನಡುವಿನಿಂದ, ತಳದಿಂದ ಒಂದೊಂದು ಹಿಡಿ ತೆಗೆದು ನೋಡಿ ಬೆಲೆ ಕಟ್ಟುತ್ತೇವೆ. ಆ ಹಿಡಿಯನ್ನು ಎಷ್ಟರ ಮಟ್ಟಿಗೆ ನಂಬಬಹುದು? ಇದನ್ನು ಲೆಕ್ಕದಿಂದ ಹೇಳುವ ವಿದ್ಯೆಯೇ ಸಂಖ್ಯಾಶಾಸ್ತ್ರ. ಹೆಸರಿನ ಅಕ್ಷರ ಎಣಿಸಿ ಭವಿಷ್ಯ ಹೇಳುವುದಲ್ಲ.

ಈ ವಿದ್ಯೆಯಲ್ಲಿ ಜಗತ್ಪ್ರಸಿದ್ಧರಾದ ಪ್ರೊ. ಸಿ. ಆರ್. ರಾವ್ ಅವರು 1920ರಲ್ಲಿ ಹುಟ್ಟಿದ್ದು ಕನ್ನಡ ನಾಡಿನ ಹೂವಿನ ಹಡಗಲಿಯಲ್ಲಿ, ತೆಲುಗು ಮನೆಮಾತಿನ ಕುಟುಂಬದಲ್ಲಿ. ತಾಯಿ ಲಕ್ಷ್ಮೀಕಾಂತಮ್ಮನವರು ನಿತ್ಯವೂ ಬೆಳಗಿನ ಜಾವ ನಾಲ್ಕು ಗಂಟೆಗೆ ಎಬ್ಬಿಸಿ, ಎಣ್ಣೆದೀಪ ಹಚ್ಚಿಟ್ಟು ಓದಲು ಕೂರಿಸುತ್ತಿದ್ದರು. ಗಣಿತದಲ್ಲಿ ಎಂ.ಎ. ಮಾಡಿ ಕೆಲಸಕ್ಕೆಂದು ಕಲ್ಕತ್ತೆಗೆ ಹೋದರೆ ಕೆಲಸ ಸಿಗಲಿಲ್ಲ. ಪ್ರೊ. ಮಹಾಲನೋಬಿಸ್ ಅವರು ಅಲ್ಲಿ ನಡೆಸುತ್ತಿದ್ದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಗೆ 1941ರಲ್ಲಿ ಕಲಿಯಲು ಸೇರಿದರು.

1945ರಲ್ಲಿ, ಇನ್ನೂ 25ರ ವಯಸ್ಸಿನಲ್ಲಿ, ಅವರು ಒಂದು ಲೇಖನ ಬರೆದರು. ಮಾದರಿಯಿಂದ ಕಟ್ಟುವ ಅಂದಾಜು ಎಷ್ಟು ನಿಖರವಾಗಬಲ್ಲದು ಎಂಬುದಕ್ಕೆ ಒಂದು ಮಿತಿಯುಂಟು, ಯಾವ ಜಾಣತನವೂ ಅದನ್ನು ದಾಟಲಾರದು ಎಂಬುದು ಅದರ ಒಂದು ಮುಖ್ಯ ಫಲಿತಾಂಶ. ಕೇಂಬ್ರಿಜ್‌ನಲ್ಲಿ ಡಾಕ್ಟರೇಟ್ ಪಡೆದು, ಅದೇ ಸಂಸ್ಥೆಯ ನಿರ್ದೇಶಕರಾಗಿ, 1979ರಲ್ಲಿ ಅಮೆರಿಕಕ್ಕೆ ಹೋಗಿ ಅಲ್ಲಿಯೂ ಪ್ರಾಧ್ಯಾಪಕರಾಗಿದ್ದರು. 2001ರಲ್ಲಿ ಪದ್ಮವಿಭೂಷಣ ಬಂತು. 1945ರ ಆ ಲೇಖನವನ್ನೇ ಹೆಸರಿಸಿ ಅಂತಾರಾಷ್ಟ್ರೀಯ ಸಂಖ್ಯಾಶಾಸ್ತ್ರ ಪ್ರಶಸ್ತಿ ಬಂದದ್ದು 2023ರಲ್ಲಿ. ಅದೇ ವರ್ಷ ಆಗಸ್ಟ್‌ನಲ್ಲಿ, 102ನೇ ವಯಸ್ಸಿನಲ್ಲಿ ತೀರಿಕೊಂಡರು. ದುಡಿಮೆಯ ಫಲಕ್ಕೆ 78 ವರ್ಷ ಕಾಯುವ ತಾಳ್ಮೆ ನಮ್ಮಲ್ಲಿ ಯಾರಿಗುಂಟು?

ಅವರ ಗುರು ಮಹಾಲನೋಬಿಸ್ ಅವರು 1954ರ ಒಂದು ಲೇಖನದಲ್ಲಿ, ನಮ್ಮ ಸ್ಯಾದ್ವಾದದಲ್ಲಿ ಸಂಖ್ಯಾಶಾಸ್ತ್ರದ ತಳಹದಿಗೆ ಹತ್ತಿರವಾದ ವಿಚಾರಗಳಿವೆ ಎಂದು ತೋರಿಸಿದ್ದಾರೆ. ಯಾವ ಮಾತನ್ನೂ ಅದರ ಮಿತಿಯೊಡನೆ ಹೇಳು ಎಂಬುದನ್ನು ಬಸದಿಯಲ್ಲಿ ಕೇಳುತ್ತೇವೆ. ಗದ್ದುಗೆಯ ಮೇಲೆ ಕೂತು ಗಿರಾಕಿಗೆ ಮಾತು ಕೊಡುವಾಗ ಮರೆಯಬಾರದು.

"ಇದನ್ನೋದಿ ಎಲ್ಲಿ ಅಂಗಡಿ ಇಡುತ್ತೀ?" ಎಂದು ಕೇಳುವ ಹಿರಿಯರು ನಮ್ಮಲ್ಲಿದ್ದಾರೆ. ನಮ್ಮ ಪಕ್ಕದ ಹೊಸೂರನ್ನೇ ನೋಡಿ. ಅಲ್ಲಿನ ಟಿ.ವಿ.ಎಸ್. ಮೋಟಾರ್ ಕಂಪೆನಿಗೆ 2002ರಲ್ಲಿ ಗುಣಮಟ್ಟಕ್ಕಾಗಿ ಜಪಾನಿನ ಡೆಮಿಂಗ್ ಪ್ರಶಸ್ತಿ ಬಂತು. ಆ ಡೆಮಿಂಗ್ ಎಂಬವರು ನ್ಯೂಯಾರ್ಕಿನಲ್ಲಿ ವ್ಯಾಪಾರಾಡಳಿತದ ವಿದ್ಯಾರ್ಥಿಗಳಿಗೆ ಸಂಖ್ಯಾಶಾಸ್ತ್ರ ಕಲಿಸುತ್ತಿದ್ದ ಪ್ರಾಧ್ಯಾಪಕರು.

ಮೆಟ್ರಿಕ್‌ವರೆಗೆ ಮಾತ್ರ ಓದಿದ ನಮ್ಮದೊಂದು ವಿನಂತಿ. ಲೆಕ್ಕದಲ್ಲಿ ನೂರಕ್ಕೆ ನೂರು ತೆಗೆದ ಮಗನಾಗಲಿ ಮಗಳಾಗಲಿ ಇನ್ನೂ ಓದುತ್ತೇನೆಂದರೆ, ಅಂಗಡಿಯ ಬೀಗದಕೈ ಕೊಡಲು ಅವಸರ ಮಾಡಬೇಡಿ. ಬೆಳಗಿನ ಜಾವ ಎದ್ದು ದೀಪ ಹಚ್ಚಿಕೊಡಿ.