ಉಳಿತಾಯವೋ, ಜಿಪುಣತನವೋ?



ಐರ್ಲೆಂಡಿನ ರಯಾನ್‌ಏರ್ ಯುರೋಪಿನ ಅಗ್ಗದ ವಿಮಾನ ಸಂಸ್ಥೆಗಳಲ್ಲಿ ದೊಡ್ಡ ಹೆಸರು. 2005ರ ಏಪ್ರಿಲ್‌ನಲ್ಲಿ ಅದು ತನ್ನ ನೌಕರರಿಗೆ ಒಂದು ಹೊಸ ನಿಯಮ ತಂದಿತು. ಕೆಲಸದ ಜಾಗದಲ್ಲಿ ಯಾರೂ ತಮ್ಮ ಮೊಬೈಲ್ ಚಾರ್ಜ್ ಮಾಡುವಂತಿಲ್ಲ, ಮಾಡಿದರೆ ಅದು ಕಂಪನಿಯ ಕರೆಂಟ್ ಕದ್ದಂತೆ!

ಈ ಕಳ್ಳತನ ಎಷ್ಟು ದೊಡ್ಡದು ಅಂತ ಲೆಕ್ಕ ಹಾಕಿ ನೋಡೋಣ. ಅಂದಿನ ಸಣ್ಣ ಮೊಬೈಲನ್ನು ಪೂರ್ತಿ ಚಾರ್ಜ್ ಮಾಡಲು ಸುಮಾರು 5 ವಾಟ್-ಅವರ್ ಸಾಕು. ಅಂದರೆ ಒಂದು ಯೂನಿಟ್ ಕರೆಂಟಿನಲ್ಲಿ 200 ಸಲ ಚಾರ್ಜ್ ಮಾಡಬಹುದು. ಆಗ ಸಂಸ್ಥೆಯಲ್ಲಿದ್ದ ಸುಮಾರು 2,600 ಮಂದಿಯೂ ದಿನಾ ಚಾರ್ಜ್ ಮಾಡಿದರೂ ಖರ್ಚಾಗುವುದು 13 ಯೂನಿಟ್. ನಮ್ಮ ಅಡಿಕೆ ತೋಟದಲ್ಲಿ 3 ಎಚ್‌ಪಿ ಪಂಪು ಆರು ಗಂಟೆ ಓಡಿದರೆ ಅಷ್ಟಾಗುತ್ತದೆ. ಆ ವರ್ಷ ಸಂಸ್ಥೆಯ ಲಾಭವೋ 25 ಕೋಟಿ ಯೂರೋಗೂ ಹೆಚ್ಚು.

ಖರ್ಚು ಕಡಿಮೆ ಮಾಡುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಒಂದೇ ಮಾದರಿಯ ವಿಮಾನ ಇಟ್ಟುಕೊಂಡು, ನಿಲ್ದಾಣದಲ್ಲಿ ವಿಮಾನ ನಿಲ್ಲುವ ಹೊತ್ತನ್ನು ಕಡಿಮೆ ಮಾಡಿ ಟಿಕೆಟ್ ದರ ಇಳಿಸಿದ್ದರಿಂದಲೇ ಸಾಮಾನ್ಯ ಜನರೂ ವಿಮಾನ ಹತ್ತಿದರು. ಈ ದಾರಿ ತೋರಿಸಿದ್ದು ಅಮೆರಿಕದ ಸೌತ್‌ವೆಸ್ಟ್ ಸಂಸ್ಥೆ. ರಯಾನ್‌ಏರ್ ಮುಖ್ಯಸ್ಥ ಮೈಕೆಲ್ ಓಲಿಯರಿ ಇದನ್ನು ಕಲಿತದ್ದೂ ಅಲ್ಲಿಂದಲೇ. ಆದರೆ ಸೌತ್‌ವೆಸ್ಟ್ 1970ರ ದಶಕದಲ್ಲೇ ಲಾಭದ ಒಂದು ಪಾಲನ್ನು ನೌಕರರಿಗೆ ಕೊಡಲು ಶುರು ಮಾಡಿತ್ತು. ಆ ಪಾಠ ಮಾತ್ರ ಐರ್ಲೆಂಡಿಗೆ ತಲುಪಲಿಲ್ಲ.

ಇದರ ಫಲ ಏನಾಯಿತು? 2017ರಲ್ಲಿ ಪೈಲಟ್‌ಗಳ ರಜೆಯ ಹೊಂದಾಣಿಕೆ ಎಡವಟ್ಟಾಗಿ ರಯಾನ್‌ಏರ್ ಸಾವಿರಾರು ಹಾರಾಟಗಳನ್ನು ರದ್ದು ಮಾಡಬೇಕಾಯಿತು. ಕಷ್ಟದ ಆ ಹೊತ್ತಿನಲ್ಲಿ ಪೈಲಟ್‌ಗಳು ಕೈಹಿಡಿಯಲಿಲ್ಲ, ಮುಷ್ಕರದ ಮಾತೆತ್ತಿದರು. ವರ್ಷಗಟ್ಟಲೆ ಕಾರ್ಮಿಕ ಸಂಘಗಳನ್ನು ಒಪ್ಪದ ಸಂಸ್ಥೆ ಆ ಡಿಸೆಂಬರ್‌ನಲ್ಲಿ, ಕ್ರಿಸ್ಮಸ್‌ಗೆ ಕೆಲವೇ ದಿನಗಳಿರುವಾಗ, ಒಪ್ಪಲೇಬೇಕಾಯಿತು. ಇದಕ್ಕೆ ಮೊಬೈಲ್ ಚಾರ್ಜರ್ ಒಂದೇ ಕಾರಣವಲ್ಲ. ಆದರೆ ಸಣ್ಣ ವಿಷಯದಲ್ಲಿ ನೌಕರನನ್ನು ಕಳ್ಳನಂತೆ ಕಂಡರೆ ದೊಡ್ಡ ವಿಷಯದಲ್ಲಿ ಅವನಿಂದ ಔದಾರ್ಯ ನಿರೀಕ್ಷಿಸುವುದು ಹೇಗೆ?

ಯೇಸುಸ್ವಾಮಿಯೂ ಉಳಿತಾಯ ಕಲಿಸಿದ್ದಾರೆ. ಐದು ರೊಟ್ಟಿ, ಎರಡು ಮೀನಿನ ಅದ್ಭುತದ ಬಳಿಕ ಉಳಿದ ತುಂಡುಗಳನ್ನು ಹಾಳುಮಾಡದೆ ಕೂಡಿಸಲು ಶಿಷ್ಯರಿಗೆ ಹೇಳಿದರು. ಹನ್ನೆರಡು ಬುಟ್ಟಿ ತುಂಬಿತು. ಆದರೆ ಕ್ರಮವನ್ನು ಗಮನಿಸಿ: ಮೊದಲು ಎಲ್ಲರೂ ಹೊಟ್ಟೆ ತುಂಬ ಉಂಡರು, ಆಮೇಲೆ ತುಂಡುಗಳನ್ನು ಕೂಡಿಸಿದರು. ಉಣ್ಣುವವರ ಕೈಯಿಂದ ಕಿತ್ತು ಬುಟ್ಟಿ ತುಂಬಿಸಲಿಲ್ಲ. ಕಣ ತುಳಿಯುವ ಎತ್ತಿಗೆ ಬಾಯಿಕುಕ್ಕೆ ಹಾಕಬಾರದೆಂದು ಧರ್ಮೋಪದೇಶಕಾಂಡ ಹೇಳುವುದೂ ಇದೇ ಕಾರಣಕ್ಕೆ. ದುಡಿಯುವ ಪ್ರಾಣಿಗೇ ಅಷ್ಟು ಹಕ್ಕಿದ್ದರೆ ದುಡಿಯುವ ಮನುಷ್ಯನಿಗೆ?

ಓಲಿಯರಿಯನ್ನು ಬೈದು ಸುಮ್ಮನಾಗುವುದು ಸುಲಭ. ಆದರೆ ನಾವೂ ಧಣಿಗಳೇ. ಅಡಿಕೆ ಸುಲಿಯಲು ಬರುವವರಿಗೆ ಹತ್ತು ಗಂಟೆಯ ಚಾ, ಮನೆಕೆಲಸದ ಅಕ್ಕನಿಗೆ ಹಬ್ಬದ ದಿನದ ರಜೆ, ಶಾಮಿಯಾನ ಹಾಕುವ ಹುಡುಗರಿಗೆ ನಮ್ಮ ಜೊತೆಯಲ್ಲೇ ಊಟ. ಬೆಲೆ ಏರಿದಾಗ ನಮ್ಮ ಕತ್ತರಿ ಮೊದಲು ಬೀಳುವುದು ಇವುಗಳ ಮೇಲೆಯೇ. ಲೈಟಿಂಗ್, ಪಟಾಕಿ, ಬ್ಯಾನರ್ ಮಾತ್ರ ಹಾಗೇ ಇರುತ್ತವೆ.

ಈ ಸಲ ಧರ್ಮಕೇಂದ್ರದ ಹಬ್ಬದ ಬಜೆಟ್ ಬರೆಯಲು ಕೂತಾಗ ಕೆಲಸಕ್ಕೆ ಬರುವವರ ಊಟ, ಚಾ, ಬಸ್ ಖರ್ಚನ್ನು ಮೊದಲ ಸಾಲಿನಲ್ಲೇ ಬರೆಯೋಣ. ಕಡಿಮೆ ಮಾಡಲೇಬೇಕಾದರೆ ಪಟ್ಟಿಯ ಕೆಳಗಿನಿಂದ ಶುರು ಮಾಡೋಣ.