ಔಷಧದ ಸೋಲೂ ವರದಿಯಾಗಲಿ

ಶ್ರೀಮಠದ ದರ್ಶನಕ್ಕೆ ಬರುವ ಭಕ್ತರಲ್ಲಿ ಕೆಲವರು ಔಷಧದ ಡಬ್ಬಿಯನ್ನು ನಮ್ಮ ಮುಂದೆ ಹಿಡಿದು, ‘ಇದು ಪ್ರಯೋಗದಿಂದ ರುಜುವಾತಾಗಿದೆಯಂತೆ, ತೆಗೆದುಕೊಳ್ಳಬಹುದೇ ಡಾಕ್ಟರೇ?’ ಎಂದು ಕೇಳುವುದುಂಟು. ರುಜುವಾತು ಎಂದರೇನು? ಎಷ್ಟು ರೋಗಿಗಳಿಗೆ, ಎಷ್ಟು ದಿನ ಕೊಟ್ಟು, ಯಾವುದರೊಡನೆ ಹೋಲಿಸಿ ನೋಡಿದರು? ಗುಣವಾಗದವರೆಷ್ಟು, ತೊಂದರೆಗೊಳಗಾದವರೆಷ್ಟು? ಡಬ್ಬಿಯ ಮೇಲೆ ಇದಾವುದೂ ಇರುವುದಿಲ್ಲ. ವಿಷಾದದ ಸಂಗತಿಯೆಂದರೆ, ಎಷ್ಟೋ ವೇಳೆ ವೈದ್ಯಕೀಯ ಪತ್ರಿಕೆಗಳಲ್ಲಿ ಅಚ್ಚಾದ ವರದಿಗಳಲ್ಲಿಯೂ ಇರುವುದಿಲ್ಲ.

ಔಷಧವನ್ನು ರೋಗಿಗಳಿಗೆ ಕೊಟ್ಟು ಕ್ರಮಬದ್ಧವಾಗಿ ಪರೀಕ್ಷಿಸುವುದಕ್ಕೆ ಕ್ಲಿನಿಕಲ್ ಟ್ರಯಲ್ ಎನ್ನುತ್ತಾರೆ. ಪ್ರಯೋಗ ನಡೆಸುವುದು ಅರ್ಧ ಕೆಲಸ. ನಡೆದುದನ್ನು ನಡೆದಂತೆಯೇ ಹೇಳುವುದು ಉಳಿದರ್ಧ. ಈ ಎರಡನೆಯ ಅರ್ಧ ತಪ್ಪಿದರೆ ಏನಾಗುವುದೆಂಬುದಕ್ಕೆ ಒಂದು ನಿದರ್ಶನವಿದೆ. 1980ರ ಸುಮಾರಿನಲ್ಲಿ ಇಂಗ್ಲೆಂಡಿನ ವೈದ್ಯರು ಹೃದಯಾಘಾತವಾದ 95 ಮಂದಿಯಲ್ಲಿ ಲೋರ್ಕೈನೈಡ್ ಎಂಬ ಔಷಧವನ್ನು ಪರೀಕ್ಷಿಸಿದರು. ಎದೆಬಡಿತದ ಏರುಪೇರನ್ನು ತಡೆಯುವ ಔಷಧವದು. ಅದನ್ನು ಪಡೆದವರಲ್ಲಿ 9 ಮಂದಿ ಮರಣ ಹೊಂದಿದರು. ಔಷಧಗುಣವಿಲ್ಲದ ಹುಸಿ ಗುಳಿಗೆ ಪಡೆದವರಲ್ಲಿ ಒಬ್ಬರು ಮಾತ್ರ. ಇದು ಆಕಸ್ಮಿಕವಿರಬಹುದೆಂದು ಅಂದು ಭಾವಿಸಲಾಯಿತು. ವ್ಯಾಪಾರದ ಕಾರಣಗಳಿಂದ ಆ ಔಷಧವೇ ಕೈಬಿಟ್ಟುಹೋಯಿತು, ವರದಿ ಅಚ್ಚಾಗಲಿಲ್ಲ. ಇತ್ತ ಅದೇ ಬಗೆಯ ಬೇರೆ ಔಷಧಗಳು ಬಳಕೆಗೆ ಬಂದವು. ಅವುಗಳಲ್ಲಿ ಎರಡು ಸಾವನ್ನು ಹೆಚ್ಚಿಸುತ್ತವೆಂದು ಅಮೆರಿಕದ ದೊಡ್ಡ ಪ್ರಯೋಗವೊಂದು 1989ರಲ್ಲಿ ತೋರಿಸಿಕೊಟ್ಟಿತು. ಲೋರ್ಕೈನೈಡ್ ವರದಿ ಬೆಳಕು ಕಂಡದ್ದು 1993ರಲ್ಲಿ. ಮೊದಲೇ ಪ್ರಕಟವಾಗಿದ್ದರೆ ಅದೊಂದು ಮುನ್ನೆಚ್ಚರಿಕೆಯಾಗಬಹುದಿತ್ತೆಂದು ಅದರ ಕರ್ತೃಗಳೇ ಬರೆದರು. ಅಲ್ಲಿ ಸುಳ್ಳು ಹೇಳಿದವರು ಯಾರೂ ಇರಲಿಲ್ಲ. ಮೌನವೇ ಕೇಡು ಮಾಡಿತು.

ಇದೊಂದು ಬಿಡಿ ಪ್ರಸಂಗವಲ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಲ್ಲಿ ದಾಖಲಾಗಿದ್ದ, ಖಿನ್ನತೆಯ ಔಷಧಗಳನ್ನು ಕುರಿತ 74 ಪ್ರಯೋಗಗಳನ್ನು ವಿದ್ವಾಂಸರು ಪರಿಶೀಲಿಸಿ 2008ರಲ್ಲಿ ಫಲಿತಾಂಶ ಪ್ರಕಟಿಸಿದರು. ಔಷಧಕ್ಕೆ ಅನುಕೂಲವೆಂದು ಸಂಸ್ಥೆ ಎಣಿಸಿದ 38 ಪ್ರಯೋಗಗಳಲ್ಲಿ 37 ಅಚ್ಚಾಗಿದ್ದವು. ಅನುಕೂಲವಲ್ಲದ 36ರಲ್ಲಿ 22 ಅಚ್ಚಾಗಲೇ ಇಲ್ಲ. 11 ಗೆಲುವಿನಂತೆ ತೋರುವ ಹಾಗೆ ಅಚ್ಚಾದವು. ಸೋಲನ್ನು ಸೋಲೆಂದೇ ಹೇಳಿದವು 3 ಮಾತ್ರ. ಪತ್ರಿಕೆಗಳನ್ನಷ್ಟೇ ಓದಿದ ವೈದ್ಯನು ಪ್ರಾಮಾಣಿಕನಾಗಿದ್ದರೂ ದಾರಿ ತಪ್ಪುವುದು ಸಹಜವಲ್ಲವೇ?

ಇದನ್ನೋದಿ ಆಯುರ್ವೇದಾಭಿಮಾನಿಗಳು ಹಿಗ್ಗುವುದು ಬೇಡ. ತನ್ನ ಎಲೆಯಲ್ಲಿ ಹೆಗ್ಗಣ ಬಿದ್ದಿರಲು ಪರರ ಎಲೆಯ ನೊಣ ತೋರಿಸಿದಂತಾದೀತು. ನಾವೇ ಹಿಂದೊಮ್ಮೆ ವೈದ್ಯರ ಸಭೆಯಲ್ಲಿ ಸಂಧಿವಾತಕ್ಕೆ ಒಂದು ಕಷಾಯ ಕೊಟ್ಟ ಅನುಭವವನ್ನು ಅಭಿಮಾನದಿಂದ ವಿವರಿಸಿದೆವು. ಗುಣ ಕಂಡವರನ್ನೆಲ್ಲ ಎಣಿಸಿದೆವು. ಎರಡು ವಾರಕ್ಕೇ ಬರುವುದನ್ನು ನಿಲ್ಲಿಸಿದವರನ್ನು ಲೆಕ್ಕಕ್ಕೇ ಹಿಡಿಯಲಿಲ್ಲ. ಅವರಿಗೆ ಗುಣವಾಗಿ ಬರಲಿಲ್ಲವೋ, ಕಷಾಯ ಒಗ್ಗದೆ ಬರಲಿಲ್ಲವೋ ಎಂದು ಸಭೆಯಲ್ಲಿ ಯಾರೂ ಕೇಳಲಿಲ್ಲ, ನಾವೂ ಹೇಳಲಿಲ್ಲ. ಚಪ್ಪಾಳೆ ಬಿದ್ದಿತು. ಇಂದು ನೆನೆದರೆ ಸಂಕೋಚವಾಗುತ್ತದೆ.

ನಮ್ಮ ಔಷಧಗಳ ವರದಿಯಲ್ಲಿ ಇನ್ನೊಂದು ತೊಡಕುಂಟು. ‘ಬ್ರಾಹ್ಮಿಯಿಂದ ನೆನಪಿನ ಶಕ್ತಿ ಹೆಚ್ಚಿತು’ ಎಂದು ಬರೆದರೆ ಯಾವ ಬ್ರಾಹ್ಮಿ? ನಮ್ಮಲ್ಲಿ ಅನೇಕರು ಬ್ರಾಹ್ಮಿಯೆಂದು ಕರೆಯುವುದು ಚಟ್ನಿ, ತಂಬುಳಿಗೆ ಬಳಸುವ ಒಂದೆಲಗವನ್ನು. ನೀರುಬ್ರಾಹ್ಮಿ ಬೇರೆಯೇ ಗಿಡ. ಸಸ್ಯಶಾಸ್ತ್ರೀಯ ಹೆಸರು, ಬಳಸಿದ ಭಾಗ, ತಯಾರಿಸಿದ ಕ್ರಮ, ಪ್ರಮಾಣ, ಇಷ್ಟನ್ನೂ ಬರೆಯದಿದ್ದರೆ ಆ ವರದಿ ಯಾರಿಗೂ ಉಪಯೋಗಕ್ಕೆ ಬಾರದು.

ಪರಿಹಾರಗಳು ಇಲ್ಲದಿಲ್ಲ. ಪ್ರಯೋಗದ ವರದಿಯಲ್ಲಿ ಏನೇನು ಇರಲೇಬೇಕೆಂಬ ‘ಕನ್ಸಾರ್ಟ್’ ಎಂಬ ಪಟ್ಟಿ 1996ರಲ್ಲಿಯೇ ಸಿದ್ಧವಾಯಿತು. 2025ರ ಪರಿಷ್ಕರಣದಲ್ಲಿ 30 ಅಂಶಗಳಿವೆ. ಎಷ್ಟು ಮಂದಿ ಸೇರಿದರು, ಎಷ್ಟು ಮಂದಿ ನಡುವೆ ಬಿಟ್ಟರು, ಏನು ಹಾನಿಯಾಯಿತು ಎಂಬುದನ್ನು ಅದು ಕೇಳುತ್ತದೆ. ಗಿಡಮೂಲಿಕೆಗಳ ಪ್ರಯೋಗಕ್ಕೆಂದೇ 2006ರಲ್ಲಿ ಅದರ ವಿಸ್ತರಣೆ ಬಂದಿದೆ. ನಮ್ಮ ದೇಶದಲ್ಲಿ ‘ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿ – ಇಂಡಿಯಾ’ 2007ರಲ್ಲಿ ಆರಂಭವಾಯಿತು. 2018ರ ಏಪ್ರಿಲ್‌ನಿಂದ ಅಲ್ಲಿ, ಮೊದಲ ರೋಗಿಯನ್ನು ಸೇರಿಸಿಕೊಳ್ಳುವ ಮುನ್ನವೇ ನೋಂದಾಯಿಸಬೇಕು. ಆಯುರ್ವೇದದ ಪ್ರಯೋಗಗಳೂ ಅಲ್ಲಿ ದಾಖಲಾಗುತ್ತವೆ. ಏನನ್ನು ಅಳೆಯುತ್ತೇವೆಂದು ಮೊದಲೇ ಬರೆದಿಟ್ಟರೆ, ಆಮೇಲೆ ಮಾತು ಬದಲಿಸುವುದು ಕಷ್ಟ. ಆದರೆ ನೋಂದಣಿ ಮಾಡಿ ಫಲಿತಾಂಶ ಹೇಳದೆ ಸುಮ್ಮನಿದ್ದರೆ ಬಿತ್ತನೆ ಮಾಡಿ ಸುಗ್ಗಿ ಮರೆತಂತೆ. ಗೆದ್ದರೂ ಸೋತರೂ ಇಂತಿಷ್ಟು ಕಾಲದೊಳಗೆ ಫಲಿತಾಂಶವನ್ನು ಎಲ್ಲರೆದುರು ಇಡಬೇಕೆಂಬ ನಿಯಮ ಕಟ್ಟುನಿಟ್ಟಾಗಬೇಕು. ಆಯುರ್ವೇದ ಕಾಲೇಜುಗಳು ಇದರಲ್ಲಿ ಮುಂದಾಗಬೇಕೆಂಬುದು ನಮ್ಮ ಅಭಿಪ್ರಾಯ.

ಇದು ನಮಗೆ ಪರಕೀಯ ವಿಚಾರವಲ್ಲ. ಚರಕಸಂಹಿತೆ ಆಪ್ತೋಪದೇಶವನ್ನು ಪ್ರಮಾಣವೆಂದು ಒಪ್ಪುತ್ತದೆ. ಆದರೆ ರಜಸ್ತಮೋಗುಣಗಳಿಂದ ಬಿಡುಗಡೆ ಹೊಂದಿದವನು ಮಾತ್ರ ಆಪ್ತ. ಲಾಭದಾಸೆಯಿಂದಲೋ ಸ್ವಪಕ್ಷದ ಅಭಿಮಾನದಿಂದಲೋ ಅರ್ಧ ಮಾತು ನುಂಗಿದವನು ಎಷ್ಟೇ ವಿದ್ವಾಂಸನಾದರೂ ಆಪ್ತನಾಗಲಾರ.

ಪ್ರಯೋಗಕ್ಕೆ ಒಪ್ಪಿ ತನ್ನ ದೇಹವನ್ನೇ ಒಡ್ಡಿಕೊಳ್ಳುವ ರೋಗಿ ಸಮಾಜಕ್ಕೆ ಮಾಡುವುದು ಒಂದು ಬಗೆಯ ದಾಸೋಹ. ಅದರ ಫಲವನ್ನು ಬಚ್ಚಿಡುವುದು ದಾಸೋಹದ ಪ್ರಸಾದವನ್ನು ಕೋಣೆಯಲ್ಲಿಟ್ಟು ಬೀಗ ಹಾಕಿದಂತೆ. ಆದುದರಿಂದ ಭಕ್ತರಲ್ಲಿ ನಮ್ಮ ವಿನಂತಿ ಇಷ್ಟೆ: ನಿಮ್ಮನ್ನಾಗಲಿ ನಿಮ್ಮ ಮನೆಯವರನ್ನಾಗಲಿ ಪ್ರಯೋಗಕ್ಕೆ ಕೇಳಿದರೆ, ಒಪ್ಪಿಗೆ ಪತ್ರದ ಪ್ರತಿಯನ್ನೂ ನೋಂದಣಿ ಸಂಖ್ಯೆಯನ್ನೂ ಪಡೆಯಿರಿ, ಫಲಿತಾಂಶವನ್ನು ಎಲ್ಲಿ ಪ್ರಕಟಿಸುವಿರೆಂದು ಕೇಳಿರಿ. ‘ರುಜುವಾತಾಗಿದೆ’ ಎನ್ನುವ ಡಬ್ಬಿಯನ್ನು ಕಂಡಾಗ, ಗುಣವಾಗದವರ ಲೆಕ್ಕವೆಲ್ಲಿ ಎಂದು ವಿಚಾರಿಸಿರಿ. ಆ ಡಬ್ಬಿ ಆಯುರ್ವೇದದ್ದಾಗಿದ್ದರೆ, ಆ ಪ್ರಶ್ನೆಯನ್ನು ಮೊದಲು ನಮ್ಮನ್ನೇ ಕೇಳಿರಿ.