ಪಾಯಿಂಟರ್ ಕೊಟ್ಟು ಕಂಪೈಲರ್‌ನ ಬೈಯೋದು ಯಾಕೆ?

"ಸಿ ಭಾಷೆಗೆ ವೇಗ ಬಂದಿದ್ದೇ ಪಾಯಿಂಟರ್‌ನಿಂದ" ಅನ್ನೋ ಮಾತು ಕೇಳದ ಪ್ರೋಗ್ರಾಮರ್ ಇಲ್ಲ. ಅರ್ಧ ಸುಳ್ಳು ಸ್ವಾಮಿ ಇದು. ಎಷ್ಟೋ ಕಡೆ ಪ್ರೋಗ್ರಾಮಿನ ಕಾಲಿಗೆ ಕಟ್ಟಿದ ಗುಂಡುಕಲ್ಲೇ ಈ ಪಾಯಿಂಟರ್.

ಎಕ್ಸ್‌ಗೆ 5 ಹಾಕಿದಿರಿ. ಮುಂದಿನ ಸಾಲಲ್ಲಿ, ಪಿ ಅನ್ನೋ ಪಾಯಿಂಟರ್ ತೋರಿಸುವ ಜಾಗದಲ್ಲಿ 7 ಬರೆದಿರಿ. ಆಮೇಲೆ ಎಕ್ಸ್ ಪ್ರಿಂಟ್ ಮಾಡಿದಿರಿ. ಕಂಪೈಲರ್ ಅಲ್ಲಿ ನೇರವಾಗಿ 5 ಅಂತ ಇಡಬಹುದೇ? ಪಿ ತೋರಿಸುತ್ತಿರೋದು ಎಕ್ಸನ್ನೇ ಆಗಿದ್ದರೆ ಉತ್ತರ 7! ಯಾವ ಬೆಲೆ ಎಲ್ಲಿಂದ ಎಲ್ಲಿಗೆ ಹರಿಯಿತು ಅಂತ ಲೆಕ್ಕ ಇಡೋದೇ ಡೇಟಾ-ಫ್ಲೋ ವಿಶ್ಲೇಷಣೆ. ಆ ಲೆಕ್ಕವನ್ನು ಕೆಡಿಸೋಕೆ ಇಂಥ ಒಂದು ಸಾಲು ಸಾಕು.

ಫಂಕ್ಷನ್ ಕರೆದರಂತೂ ಇನ್ನೂ ಕಷ್ಟ. ಅದರ ಕೋಡ್ ಬೇರೆ ಫೈಲಿನಲ್ಲಿದ್ದರೆ, ಅದು ಯಾವ ಗ್ಲೋಬಲ್ ವೇರಿಯಬಲ್ ಮುಟ್ಟುತ್ತದೋ, ನೀವು ಕಳಿಸಿದ ವಿಳಾಸದಲ್ಲಿ ಏನು ಬರೆಯುತ್ತದೋ ಕಂಪೈಲರ್‌ಗೆ ಕಾಣಲ್ಲ. ಹಾಗಾಗಿ "ಬದಲಾಗಿರಬಹುದು" ಅಂತಲೇ ಹಿಡಿದು, ರಿಜಿಸ್ಟರ್‌ನಲ್ಲಿ ಇಟ್ಟುಕೊಂಡಿದ್ದನ್ನು ಬಿಟ್ಟು ಮತ್ತೆ ಮೆಮೊರಿಗೆ ಓಡುತ್ತದೆ. ಇದು ದಡ್ಡತನ ಅಲ್ಲ. ಯಾವ ಪಾಯಿಂಟರ್ ಯಾವುದನ್ನು ತೋರಿಸುತ್ತೆ ಅಂತ ಎಲ್ಲ ಪ್ರೋಗ್ರಾಮುಗಳಿಗೂ ನಿಖರವಾಗಿ ಹೇಳುವ ವಿಧಾನ ಇರೋಕೆ ಸಾಧ್ಯವೇ ಇಲ್ಲ ಅನ್ನೋದು 1990ರ ದಶಕದಲ್ಲೇ ಸಾಬೀತಾಗಿದೆ. ಗೊತ್ತಿಲ್ಲದ ಕಡೆ ಹುಷಾರಾಗಿರೋದೊಂದೇ ದಾರಿ.

ಫೋರ್ಟ್ರಾನ್ ನೋಡಿ. ಸಬ್‌ರೂಟೀನಿಗೆ ಕಳಿಸಿದ ಎರಡು ಅರೇಗಳು ಒಂದರ ಮೇಲೊಂದು ಬಿದ್ದಿದ್ದರೆ, ಆ ಭಾಗದಲ್ಲಿ ಬರೆಯುವಂತಿಲ್ಲ ಅನ್ನೋದು ಅಲ್ಲಿನ ನಿಯಮ. ಅದನ್ನು ನಂಬಿಕೊಂಡೇ ಅದರ ಕಂಪೈಲರ್‌ಗಳು ಲೂಪುಗಳನ್ನು ಧೈರ್ಯವಾಗಿ ಚುರುಕು ಮಾಡುತ್ತವೆ. ಸಿ ಭಾಷೆಗೆ 1999ರಲ್ಲಿ 'ರಿಸ್ಟ್ರಿಕ್ಟ್' ಬಂತು. ಅದನ್ನು ಎಷ್ಟು ಜನ ಬಳಸ್ತೀರಿ? ಬಳಸಿದರೂ ಅದು ನೀವು ಕೊಡುವ ಮಾತು, ಪರೀಕ್ಷಿಸುವವರಿಲ್ಲ. ತಪ್ಪಿದರೆ ಉತ್ತರ ಏನು ಬೇಕಾದರೂ ಬರಬಹುದು. ಬದಲಾಯಿಸುವ ರೆಫರೆನ್ಸ್ ಇದ್ದಷ್ಟು ಹೊತ್ತು ಅದೇ ಡೇಟಾಗೆ ಇನ್ನೊಂದು ದಾರಿ ಇಲ್ಲ ಅಂತ ಕಂಪೈಲರ್ ಕೈಯಲ್ಲೇ ಪರೀಕ್ಷೆ ಮಾಡಿಸಿದ್ದು ರಸ್ಟ್.

"ಪಾಯಿಂಟರ್ ಇಲ್ಲದೆ ಆಪರೇಟಿಂಗ್ ಸಿಸ್ಟಂ ಬರೀತೀರಾ?" ಅಂತ ಕೇಳುವವರಿದ್ದಾರೆ. ಬೇಡ ಅಂದವರು ಯಾರು? ಲಿನಕ್ಸ್ ಕರ್ನಲ್‌ನವರು ಟೈಪ್ ಆಧರಿಸಿ ಕಂಪೈಲರ್ ಮಾಡುವ ಊಹೆಯನ್ನೇ ಆಫ್ ಮಾಡಿದ್ದಾರೆ. ಅದರಿಂದ ಏನು ಸಿಗುತ್ತೆ, ಏನು ಹೋಗುತ್ತೆ ಅನ್ನೋದು ಅವರಿಗೆ ಗೊತ್ತು. ನಾವು? ಲೂಪಿನ ಮಿತಿಯನ್ನೂ ಪಾಯಿಂಟರ್‌ನಲ್ಲಿ ಕಳಿಸಿ, ಪ್ರತಿ ಸುತ್ತಿನಲ್ಲೂ ಅದನ್ನು ಮೆಮೊರಿಯಿಂದ ಓದಿಸಿ, "ಕಂಪೈಲರ್ ಸರಿಯಿಲ್ಲ" ಅಂತೀವಿ. ಲೂಪಿಗೆ ಮುಂಚೆ ಆ ಬೆಲೆಯನ್ನು ಒಂದು ಲೋಕಲ್ ವೇರಿಯಬಲ್‌ಗೆ ಹಾಕಿಕೊಳ್ಳಿ. ಒಂದು ಸಾಲಿನ ಕೆಲಸ ರೀ, ಅಷ್ಟೂ ಮಾಡದೆ ಬೈಬೇಡಿ.